ಕಾಗದದಲ್ಲಿ ಒಂದು ಲಕ್ಷ, ಕೈಯಲ್ಲಿ ನಲವತ್ತು ಸಾವಿರ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವ ಕನ್ನಡಿಗರು. ಮುಂಬೈನ ಮುಲುಂಡ್ ಪೂರ್ವದಲ್ಲಿ ನಮ್ಮದೊಂದು ಒನ್ ಬಿಎಚ್‌ಕೆ ಇದೆ. ಐದು ತಿಂಗಳ ಹಿಂದೆ ಕುಂದಾಪುರ ಕಡೆಯ ಒಬ್ಬ ಹುಡುಗನಿಗೆ 11 ತಿಂಗಳ ಲೀವ್ ಆಂಡ್ ಲೈಸೆನ್ಸ್ (ಬಾಡಿಗೆದಾರನ ಹಕ್ಕಿಲ್ಲದೆ, ವಾಸಕ್ಕೆ ಅನುಮತಿ ಮಾತ್ರ ಕೊಡುವ ಒಪ್ಪಂದ) ಮೇಲೆ ಕೊಟ್ಟೆವು. ಗಂಡ, ಹೆಂಡತಿ, ಚಿಕ್ಕ ಮಗು. ಬಾಡಿಗೆ 22,000, ಡಿಪಾಸಿಟ್ 1 ಲಕ್ಷ. ಕೀ ತೆಗೆದುಕೊಳ್ಳುವ ದಿನ 40,000 ಖಾತೆಗೆ ಹಾಕಿದ. ಉಳಿದ 60,000ಕ್ಕೆ ಚೆಕ್ ಕೊಟ್ಟು, ‘ಆಂಟಿ, ನಾನು ಹೇಳುವ ತನಕ ಬ್ಯಾಂಕಿಗೆ ಹಾಕಬೇಡಿ’ ಅಂದ. ಇವತ್ತಿನವರೆಗೂ ಹೇಳಿಲ್ಲ. ಬಾಡಿಗೆ ಮಾತ್ರ ತಿಂಗಳ 5ರೊಳಗೆ ತಪ್ಪದೆ ಬರುತ್ತದೆ. ನನ್ನ ತಮ್ಮ ಬೀಗ ಬದಲಿಸು ಅನ್ನುತ್ತಾನೆ. ಸೊಸೈಟಿ ಸೆಕ್ರೆಟರಿ ನೀರು ನಿಲ್ಲಿಸೋಣ ಅನ್ನುತ್ತಾರೆ. ಕೇಸು ಹಾಕಿ 60,000 ವಸೂಲಿ ಮಾಡಬಹುದೇ? ಹುಡುಗನ ಸೋದರಮಾವ ನಮ್ಮ ಯಜಮಾನರ ಹಳೇ ಸ್ನೇಹಿತರು, ಅವರಿಗೆ ಫೋನ್ ಮಾಡಲೇ?

ಉತ್ತರ: ನೀವು ಒಪ್ಪಂದದ ಪ್ರತಿಯನ್ನೂ ಜೊತೆಗೆ ಕಳಿಸಿದ್ದು ಒಳ್ಳೆಯದಾಯಿತು. ಪ್ರಶ್ನೆಯಲ್ಲಿ ನೀವು ಬರೆಯದೇ ಇದ್ದ ಸಮಸ್ಯೆ ಅದರ ಮೂರನೇ ಪುಟದಲ್ಲಿ ಕೂತಿದೆ. ಡಿಪಾಸಿಟ್ ಕಲಮಿನಲ್ಲಿ, ಲೈಸೆನ್ಸಿಯು (ಅಂದರೆ ಆ ಹುಡುಗ) ಒಂದು ಲಕ್ಷ ರೂಪಾಯಿ ಕೊಟ್ಟಿದ್ದಾನೆ, ಅದು ಲೈಸೆನ್ಸರ್‌ಗೆ (ಅಂದರೆ ನಿಮಗೆ) ಪೂರ್ತಿ ಮುಟ್ಟಿದೆ ಎಂದು ಬರೆದಿದೆ. ಚೆಕ್ಕಿನ ಮಾತೇ ಇಲ್ಲ. ಏಜೆಂಟ್ ತನ್ನ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ನಮೂನೆಗೆ ಹೆಸರು, ಮೊತ್ತ ತುಂಬಿಸಿದ್ದಾನೆ, ನೀವು ಹೆಬ್ಬೆಟ್ಟು ಒತ್ತಿದ್ದೀರಿ. ನೂರಕ್ಕೆ ತೊಂಬತ್ತು ಮನೆಗಳಲ್ಲಿ ನಡೆಯುವುದು ಇದೇ, ನಾಚಿಕೆಪಡಬೇಕಾದ್ದಿಲ್ಲ.

ಆದರೆ ಆ ಒಂದು ಸಾಲಿನ ಅರ್ಥ ಏನು ನೋಡಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 24ನೇ ಕಲಮಿನ ಪ್ರಕಾರ, ಲೈಸೆನ್ಸ್ ಒಪ್ಪಂದ ಬರಹದಲ್ಲಿದ್ದರೆ ಅದರಲ್ಲಿ ಹೇಳಿರುವ ಸಂಗತಿಗಳಿಗೆ ಅದೇ ನಿರ್ಣಾಯಕ ಸಾಕ್ಷ್ಯ. ಈ ಮಾತನ್ನು ಕಾಯ್ದೆಯಲ್ಲಿ ಇಟ್ಟಿರುವುದೇ ನಿಮ್ಮಂಥ ಮಾಲೀಕರ ಅನುಕೂಲಕ್ಕೆ. ಒಳಗಿರುವವನು ನಾಳೆ ‘ನಾನು ಲೈಸೆನ್ಸಿ ಅಲ್ಲ, ಖಾಯಂ ಬಾಡಿಗೆದಾರ’ ಎಂದು ವರಸೆ ಬದಲಿಸಬಾರದಲ್ಲ. ಈಗ ಅದೇ ಕತ್ತಿ ನಿಮ್ಮ ಕಡೆಗೆ ತಿರುಗಿದೆ. ‘ಒಂದು ಲಕ್ಷ ಮುಟ್ಟಿದೆ’ ಅಂದವರು ನೀವೇ.

ಕೋರ್ಟು ಕಚೇರಿಯ ತನಕ ಹೋಗುವುದೇ ಬೇಡ. ಹುಡುಗ ಒಂದು ದಿನ ಬಾಡಿಗೆ ಕೊಡುವುದು ನಿಲ್ಲಿಸಿದ ಅಂದುಕೊಳ್ಳಿ. ‘ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಿ ಆಂಟಿ’ ಎನ್ನುವುದು ಮುಂಬೈನಲ್ಲಿ ಮನೆ ಬಿಡುವ ಎಲ್ಲರೂ ಕೊನೆಯ ಎರಡು ತಿಂಗಳು ಹಾಡುವ ರಾಗ. ನಿಮ್ಮ ಕೈಯಲ್ಲಿರುವ 40,000 ಎರಡು ತಿಂಗಳಿಗೂ ಸಾಲದು. ಕಾಗದದ ಲೆಕ್ಕದಲ್ಲಿ ಅವನಿಗೆ ನಾಲ್ಕೂವರೆ ತಿಂಗಳು ಕೂರುವ ಹಕ್ಕಿದ್ದಂತೆ ಕಾಣುತ್ತದೆ. ನಿಮ್ಮ ನಿಜವಾದ ಅಪಾಯ ಬರಬೇಕಾದ 60,000ಕ್ಕಿಂತ ದೊಡ್ಡದು: ಬಾರದೇ ಇರುವ ಹಣವನ್ನು ನಾಳೆ ನೀವೇ ವಾಪಸ್ ಕೊಡಬೇಕಾಗಿ ಬರಬಹುದು.

ಕೇಸು ಹಾಕಿ ವಸೂಲಿ ಮಾಡಬಹುದೇ ಎಂದು ಕೇಳಿದ್ದೀರಿ. ಆ 60,000 ನಿಮ್ಮ ಹಣವಲ್ಲ. ಡಿಪಾಸಿಟ್ ಯಾವತ್ತಿಗೂ ಅವನದೇ ದುಡ್ಡು, ನಿಮ್ಮಲ್ಲಿ ಇಟ್ಟುಕೊಂಡಿರುವುದು ಅಷ್ಟೇ. ಆರು ತಿಂಗಳಲ್ಲಿ ಹಿಂದಿರುಗಿಸಬೇಕಾದ ಹಣಕ್ಕಾಗಿ ಸ್ಮಾಲ್ ಕಾಸಸ್ ಕೋರ್ಟಿನ ಮೆಟ್ಟಿಲು ಹತ್ತಿದರೆ, ನಿಮ್ಮ ಲೈಸೆನ್ಸ್ ಮುಗಿದು, ಆ ಹುಡುಗ ಬೇರೆ ಮನೆಗೆ ಹೋಗಿ, ಅಲ್ಲಿಯ ಒಪ್ಪಂದವೂ ಮುಗಿದಿರುತ್ತದೆ. ನೀವು ಕಳೆದುಕೊಂಡಿರುವುದು ದುಡ್ಡಲ್ಲ, ಭದ್ರತೆ. ಅದನ್ನು ಬೇರೆ ದಾರಿಯಲ್ಲಿ ಕಟ್ಟಿಕೊಳ್ಳಬೇಕು.

ಮೊದಲು ಆ ಚೆಕ್. ಕಪಾಟಿನಿಂದ ತೆಗೆದು ತಾರೀಖು ನೋಡಿ. ಕೀ ಕೊಟ್ಟ ದಿನದ್ದೇ ತಾರೀಖು ಇದ್ದರೆ ಅದು ಸತ್ತು ಎರಡು ತಿಂಗಳಾಯಿತು. 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯಸ್ಸು ಮೂರೇ ತಿಂಗಳು. ಈಗ ಬ್ಯಾಂಕಿಗೆ ಹಾಕಿದರೆ ‘ಅವಧಿ ಮೀರಿದೆ’ ಎಂದು ವಾಪಸ್ ಬರುತ್ತದೆ, ಅದರ ಮೇಲೆ ಚೆಕ್ ಬೌನ್ಸ್ ಕೇಸು ನಿಲ್ಲುವುದಿಲ್ಲ. ಅಂದಮಾತ್ರಕ್ಕೆ ಸಿಟ್ಟಿನಲ್ಲಿ ಹರಿಯಬೇಡಿ. ‘ಹಳೇದಲ್ವಾ ಆಂಟಿ, ಕೊಟ್ಟುಬಿಡಿ’ ಅಂದರೆ ಹಿಂದಿರುಗಿಸಲೂ ಬೇಡಿ. ಒಪ್ಪಂದದ ದಿನವೇ ಬರೆದುಕೊಟ್ಟ, ಬ್ಯಾಂಕಿಗೆ ಹೋಗದ 60,000ದ ಚೆಕ್ ಇವತ್ತು ನಿಮ್ಮ ಬಳಿ ಇರುವ ಅತ್ಯುತ್ತಮ ಸಾಕ್ಷಿ. ಪೂರ್ತಿ ಮುಟ್ಟಿದ್ದರೆ ಆ ಚೆಕ್ ನಿಮ್ಮ ಕಪಾಟಿನಲ್ಲಿ ಯಾಕಿರುತ್ತಿತ್ತು? ಎರಡೂ ಬದಿಯ ಫೋಟೋ ತೆಗೆದುಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಪ್ಪಂದದ ಜೊತೆ ಇಡಿ. 40,000 ಬಂದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಅಲ್ಲೇ ಇರಲಿ.

ಎರಡನೆಯದು, ಅವನ ಬಾಯಿಂದ ಬರಹದಲ್ಲಿ ಒಂದು ಒಪ್ಪಿಗೆ. ಇದನ್ನು ಸಂಬಂಧ ಚೆನ್ನಾಗಿರುವಾಗಲೇ, ಅಂದರೆ ಈ ವಾರವೇ ತೆಗೆದುಕೊಳ್ಳಬೇಕು. ಜಗಳ ಆದ ಮೇಲೆ ಯಾವ ಲೈಸೆನ್ಸಿಯೂ ‘ಹೌದು, ನಾನು ಬಾಕಿ ಇದ್ದೇನೆ’ ಎಂದು ಬರೆದುಕೊಡುವುದಿಲ್ಲ. ಬೆದರಿಕೆಯ ಧಾಟಿ ಬೇಡ, ವಕೀಲರ ಭಾಷೆಯೂ ಬೇಡ. ವಾಟ್ಸ್ಆ್ಯಪ್‌ನಲ್ಲಿ ಇಷ್ಟು ಬರೆಯಿರಿ:

‘ನಮಸ್ಕಾರಪ್ಪ. ಮಗು ಹೇಗಿದೆ? ಮನೆಯ ಲೆಕ್ಕ ಬರೆದಿಡುತ್ತಿದ್ದೇನೆ. ಡಿಪಾಸಿಟ್ ಒಂದು ಲಕ್ಷದಲ್ಲಿ 40,000 ಬಂದಿದೆ, 60,000ದ ಚೆಕ್ ನೀನು ಹೇಳಿದ್ದಕ್ಕೆ ಹಾಕಿಲ್ಲ, ಅದು ಬಾಕಿ ಇದೆ. ಸರಿ ಇದೆಯಾ ನೋಡಿ ಹೇಳು. ಬಾಕಿ ಹೇಗೆ ಕೊಡುತ್ತೀ ಅನ್ನುವುದನ್ನೂ ತಿಳಿಸು.’

ಇದಕ್ಕೆ ‘ಹೌದು ಆಂಟಿ, ಮುಂದಿನ ತಿಂಗಳು ಕೊಡುತ್ತೇನೆ’ ಎಂದು ಉತ್ತರ ಬಂದರೆ ನಿಮ್ಮ ಅರ್ಧ ತಲೆನೋವು ಇಳಿಯಿತು. ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದರೆ ಸಾಲದು, ಮತ್ತೊಮ್ಮೆ ಕೇಳಿ ಮಾತಿನಲ್ಲಿ ಬರೆಸಿ. ಫೋನ್ ಮಾಡಿ ಉತ್ತರ ಕೊಟ್ಟರೆ, ಮಾತು ಮುಗಿದ ಕೂಡಲೇ ‘ಈಗ ನೀನು ಫೋನಿನಲ್ಲಿ ಹೇಳಿದ ಹಾಗೆ’ ಎಂದು ಶುರುಮಾಡಿ ಮೆಸೇಜ್ ಹಾಕಿ. ಆ ಚಾಟ್ ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಫೋನಿನ ಮೆಸೇಜನ್ನು ಸಾಕ್ಷಿಯಾಗಿ ಹಾಜರುಪಡಿಸಲು ಒಂದು ಪ್ರಮಾಣಪತ್ರ ಬೇಕು. ಮೂಲ ಫೋನ್ ಕೈಯಲ್ಲಿದ್ದರೆ ಆ ಕೆಲಸ ಸುಲಭ.

ಈಗ ಹಣದ ವಿಷಯ. ಇಲ್ಲಿ ನನ್ನ ಸಲಹೆ ನಿಮ್ಮ ತಮ್ಮನಿಗೆ ಹಿಡಿಸಲಿಕ್ಕಿಲ್ಲ. ಆ ಒಂದು ಲಕ್ಷವನ್ನು ಮರೆತುಬಿಡಿ.

ಐದು ತಿಂಗಳು ತಪ್ಪದೆ 5ನೇ ತಾರೀಖಿನೊಳಗೆ 22,000 ಹಾಕುವವನು ಮೋಸಗಾರನಂತೆ ನನಗೆ ಕಾಣುವುದಿಲ್ಲ. ಸಂಬಳದಲ್ಲಿ ತಿಂಗಳು ದಾಟಿಸುವ, ಕೈಯಲ್ಲಿ ಗಂಟು ಇಲ್ಲದ ಸಂಸಾರ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಟೆಂಪೋ, ಮಗುವಿನ ಸ್ಕೂಲು ಎಂದು ಮೊದಲ ತಿಂಗಳೇ ಖಾಲಿಯಾಗಿರುತ್ತಾನೆ. ಇಂಥವನಿಂದ 60,000ವನ್ನು ಒಂದೇ ಸಲ ಕೇಳಿದರೆ ಒಂದೋ ಸುಳ್ಳು ವಾಯಿದೆ ಬರುತ್ತದೆ, ಇಲ್ಲವೇ ಬಾಡಿಗೆ ನಿಂತು ಡಿಪಾಸಿಟ್ ಬರುತ್ತದೆ. ಎರಡರಿಂದಲೂ ನಿಮಗೆ ಲಾಭವಿಲ್ಲ. ತಿಂಗಳಿಗೆ 10,000ದಂತೆ ಆರು ಕಂತು ಮಾಡೋಣ ಎಂದು ನೀವು ಯೋಚಿಸಬಹುದು. ಲೈಸೆನ್ಸ್ ಉಳಿದಿರುವುದೇ ಆರು ತಿಂಗಳು! ಕೊನೆಯ ಕಂತು ಕೈಗೆ ಬರುವ ಹೊತ್ತಿಗೆ ಹಿಂದಿರುಗಿಸುವ ದಿನ ಬಂದಿರುತ್ತದೆ.

ನಾನಾಗಿದ್ದರೆ ಹೀಗೆ ಲೆಕ್ಕ ಹಾಕುತ್ತೇನೆ. ನಿಮಗೆ ಆಗಬಹುದಾದ ಸಾಮಾನ್ಯ ನಷ್ಟ ಎಷ್ಟು? ಕೊನೆಯ ಒಂದು ತಿಂಗಳ ಬಾಡಿಗೆ ತಪ್ಪಿಸಿದರೆ 22,000. ಅವಧಿ ಮುಗಿದ ಮೇಲೂ ಮನೆ ಬಿಡದೆ ಕೂತರೆ 24ನೇ ಕಲಮಿನಂತೆ ಎರಡು ಪಟ್ಟು ಪರಿಹಾರ, ತಿಂಗಳಿಗೆ 44,000. ಕರೆಂಟು, ಪೈಪ್ ಗ್ಯಾಸಿನ ಉಳಿಕೆಗೆ ಒಂದು 4,000. ಒಟ್ಟು 70,000. ನಿಮ್ಮಲ್ಲಿ ಈಗಾಗಲೇ 40,000 ಇದೆ. ಹಾಗಾದರೆ ಬೇಕಾಗಿರುವುದು ಇನ್ನು 30,000 ಮಾತ್ರ, ಅದೂ ಮೂರು ತಿಂಗಳಲ್ಲಿ. ‘ಡಿಪಾಸಿಟ್ 70,000ಕ್ಕೆ ಇಳಿಸುತ್ತೇನೆ, ಆದರೆ ಮುಂದಿನ ಮೂರು ತಿಂಗಳು ಬಾಡಿಗೆಯ ಜೊತೆ 10,000 ಬರಬೇಕು’ ಅನ್ನಿ. ಅವನಿಗೆ 30,000 ಉಳಿತಾಯವಾದ ಖುಷಿ. ನಿಮಗೆ ಕೊನೆಯ ಮೂರು ತಿಂಗಳು ಪೂರ್ತಿ ಭದ್ರತೆ.

ಕಂತಿನಲ್ಲಿ ಒಂದು ಎಚ್ಚರ. 22,000 ಬೇರೆ, 10,000 ಬೇರೆ ಟ್ರಾನ್ಸ್‌ಫರ್ ಆಗಿ ಬರಬೇಕು. ಒಂದಕ್ಕೆ ‘ಇಂಥ ತಿಂಗಳ ಬಾಡಿಗೆ’, ಇನ್ನೊಂದಕ್ಕೆ ‘ಡಿಪಾಸಿಟ್ ಕಂತು 1’ ಎಂದು ಅವನೇ ಬರೆಯಬೇಕು. 32,000 ಒಟ್ಟಿಗೆ ಬಂದರೆ ಆರು ತಿಂಗಳ ನಂತರ ಅದರಲ್ಲಿ ಯಾವುದು ಏನು ಎಂದು ಬಿಡಿಸಲು ನಾನು ಬೇಕಾಗುತ್ತೇನೆ, ನನ್ನ ಫೀಸು ಆ ಕಂತಿಗಿಂತ ಜಾಸ್ತಿ. ನಗದು ಖಂಡಿತ ಬೇಡ.

ಅವನು ಇದಕ್ಕೆ ಒಪ್ಪಿದ ಕೂಡಲೇ ಕಾಗದ ಸರಿಪಡಿಸಿ. ಮೂಲ ಒಪ್ಪಂದ ನೋಂದಣಿ ಆಗಿರುವುದರಿಂದ ತಿದ್ದುಪಡಿ ಪತ್ರವೂ ನೋಂದಣಿ ಆಗಬೇಕು. ಡಿಪಾಸಿಟ್ ಒಂದು ಲಕ್ಷದ ಬದಲು 70,000, ಅದರಲ್ಲಿ 40,000 ಇಂಥ ದಿನ ಬ್ಯಾಂಕಿನ ಮೂಲಕ ಬಂದಿದೆ, 30,000 ಈ ಮೂರು ತಾರೀಖುಗಳಂದು ಬರಬೇಕು, 60,000ದ ಇಂಥ ನಂಬರಿನ ಚೆಕ್ ನಗದಾಗಿಲ್ಲ, ಕಂತು ತಪ್ಪಿದರೆ ಅದು ಒಪ್ಪಂದದ ಉಲ್ಲಂಘನೆ. ಇಷ್ಟೇ, ಒಂದು ಪುಟ ಸಾಕು. ಚೆಕ್ ಹಿಂದಿರುಗಿಸುವುದಿದ್ದರೆ ಇದು ನೋಂದಣಿಯಾದ ಮೇಲೆ.

ಹೀಗೆ ಮೊದಲೇ ಇದ್ದದ್ದು ಇದ್ದ ಹಾಗೆ ಬರೆಸಿದ್ದರೆ ಎಷ್ಟು ಖರ್ಚು ಜಾಸ್ತಿಯಾಗುತ್ತಿತ್ತು ಅಂದುಕೊಂಡಿರಿ? ಇಲ್ಲಿ ಲೀವ್ ಆಂಡ್ ಲೈಸೆನ್ಸ್‌ಗೆ ಸ್ಟಾಂಪ್ ಡ್ಯೂಟಿ ಶೇಕಡಾ 0.25. ಅದನ್ನು ಇಡೀ ಅವಧಿಯ ಬಾಡಿಗೆಯ ಮೇಲೆ, ಜೊತೆಗೆ ಡಿಪಾಸಿಟ್‌ಗೆ ವರ್ಷಕ್ಕೆ ಶೇಕಡಾ 10ರಂತೆ ಹಿಡಿದ ಮೊತ್ತದ ಮೇಲೆ ಹಾಕುತ್ತಾರೆ. ನಿಮ್ಮ ಒಪ್ಪಂದಕ್ಕೆ ಅದು 630 ರೂಪಾಯಿಯ ಆಸುಪಾಸು, ಮೇಲೆ ನೋಂದಣಿ ಶುಲ್ಕ 1,000. ಡಿಪಾಸಿಟ್ 1 ಲಕ್ಷದ ಬದಲು 40,000 ಎಂದು ಬರೆದಿದ್ದರೆ ಸ್ಟಾಂಪಿನಲ್ಲಿ ಹೆಚ್ಚುವುದಿರಲಿ, ಹದಿನೈದು ರೂಪಾಯಿ ಕಡಿಮೆಯೇ ಆಗುತ್ತಿತ್ತು. ಒಂದು ಕಟಿಂಗ್ ಚಹದ ದುಡ್ಡು.

ಊರಿನಿಂದ ಬಂದ ನಮ್ಮವರು ಅನೇಕರು ‘11 ತಿಂಗಳಿಗೆ ನೋಂದಣಿ ಬೇಡ, ಸ್ಟಾಂಪ್ ಪೇಪರ್ ಸಾಕು’ ಅನ್ನುತ್ತಾರೆ. ಬೆಂಗಳೂರಿನ ಅಭ್ಯಾಸ ಅದು, ಹತ್ತು ತಿಂಗಳ ಅಡ್ವಾನ್ಸಿನ ಹಾಗೆ. ಮಹಾರಾಷ್ಟ್ರದಲ್ಲಿ 1999ರ ಕಾಯ್ದೆಯ 55ನೇ ಕಲಮಿನಂತೆ ಒಂದು ತಿಂಗಳ ಲೈಸೆನ್ಸಾದರೂ ಬರಹದಲ್ಲಿರಬೇಕು, ನೋಂದಣಿ ಆಗಬೇಕು, ಅದು ಮಾಲೀಕರ ಜವಾಬ್ದಾರಿ. ಮಾಡಿಸದಿದ್ದರೆ ಒಳಗಿರುವವನು ಹೇಳಿದ ಷರತ್ತೇ ಸರಿ ಎಂದಾಗುತ್ತದೆ, ಸುಳ್ಳೆಂದು ನೀವು ಸಾಬೀತು ಮಾಡುವವರೆಗೆ. ಮಾಲೀಕರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಮ್ಮದು ನೋಂದಣಿ ಆಗಿದೆ, ಆ ಮಟ್ಟಿಗೆ ಬಚಾವ್. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಟ್ಟಿದ್ದೀರಾ ಬರೆದಿಲ್ಲ. ಕೊಟ್ಟಿಲ್ಲವಾದರೆ ಮುಂಬೈ ಪೊಲೀಸರ ಜಾಲತಾಣದಲ್ಲಿ ಇವತ್ತೇ ತುಂಬಿಸಿ.

ಎರಡೇ ತಿಂಗಳ ಡಿಪಾಸಿಟ್ ಎಂಬ ಹೊಸ ಕಾನೂನು ಬಂದಿದೆಯಂತಲ್ಲ ಎಂದು ಆ ಹುಡುಗ ಫಾರ್ವರ್ಡ್ ತೋರಿಸಬಹುದು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇರುವುದು ನಿಜ. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯ ಅಳವಡಿಸಿಕೊಂಡರೆ ಮಾತ್ರ ಕಾನೂನು. ನಿಮ್ಮ ಮುಲುಂಡ್ ಮನೆಗೆ 1999ರ ಕಾಯ್ದೆಯೇ ಲೆಕ್ಕ.

ಇನ್ನು ಬೀಗ ಮತ್ತು ನೀರು.

ಘಾಟ್ಕೋಪರ್‌ನಲ್ಲಿ ನನ್ನ ಕಕ್ಷಿದಾರರೊಬ್ಬರಿದ್ದರು, ಹೋಟೆಲಿನಲ್ಲಿ ಜೀವ ತೇಯ್ದು ನಿವೃತ್ತಿಯ ದುಡ್ಡಿನಲ್ಲಿ ಒಂದು ಫ್ಲಾಟ್ ಕೊಂಡವರು. ಅವರಿಗೂ ಡಿಪಾಸಿಟ್ ಬಾಕಿಯೇ. ಒಳಗಿದ್ದವನು ಗಣೇಶ ಚೌತಿಗೆ ಊರಿಗೆ ಹೋದ ಸಮಯ ನೋಡಿ ಇವರು ಬೀಗ ಒಡೆಸಿ ಹೊಸ ಬೀಗ ಜಡಿದರು. ನನಗೆ ತಿಳಿಸಿದ್ದು ಆಮೇಲೆ. ಅವನು ಹಿಂದಿರುಗಿ ನೇರ ಠಾಣೆಗೆ ಹೋದ. ಕಪಾಟಿನಲ್ಲಿ ಹೆಂಡತಿಯ ಕರಿಮಣಿ ಸರ, ಎರಡು ಬಳೆ ಇದ್ದವು, ಈಗ ಇಲ್ಲ ಎಂದು ಬರೆದುಕೊಟ್ಟ. ಇದ್ದವೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಬೀಗ ಒಡೆದದ್ದು ಇವರು, ಇಲ್ಲ ಅನ್ನಲು ಯಾವ ಬಾಯಿ? ಎಪ್ಪತ್ತು ದಾಟಿದ ಮನುಷ್ಯ ನಾಲ್ಕು ದಿನ ಠಾಣೆಯ ಬೆಂಚಿನ ಮೇಲೆ ಕೂತರು. ಕೊನೆಗೆ ಇದ್ದ ಡಿಪಾಸಿಟ್ಟನ್ನು ಪೂರ್ತಿ ಕೊಟ್ಟು, ಮೇಲೊಂದಿಷ್ಟು ಸೇರಿಸಿ ರಾಜಿ ಮಾಡಿಕೊಂಡರು. ನಿಮ್ಮ ತಮ್ಮನಿಗೆ ಈ ಪ್ಯಾರಾ ಓದಿ ಹೇಳಿ.

ನೀರಿನದೂ ಅಷ್ಟೇ. ನೀರು, ವಿದ್ಯುತ್, ಲಿಫ್ಟ್‌ನಂಥ ಅಗತ್ಯ ಸೌಕರ್ಯ ತಡೆಯುವುದು 1999ರ ಕಾಯ್ದೆಯ 29ನೇ ಕಲಮಿನಲ್ಲಿ ಅಪರಾಧ. ಅದು ‘ಬಾಡಿಗೆದಾರ’ನಿಗೆ ಮಾತ್ರ, ಲೈಸೆನ್ಸಿಗಲ್ಲ ಎಂದು ಯಾರಾದರೂ ವಾದಿಸಬಹುದು. ಮಗುವಿರುವ ಮನೆಯ ನೀರು ನಿಲ್ಲಿಸಿ, ಆ ವಾದವನ್ನು ಪೊಲೀಸ್ ಇನ್‌ಸ್ಪೆಕ್ಟರ್ ಎದುರು ಮಂಡಿಸುವ ಧೈರ್ಯ ನಿಮ್ಮ ಸೆಕ್ರೆಟರಿಗೆ ಇದೆಯೇ ಕೇಳಿ. ಡಿಪಾಸಿಟ್ ನಿಮ್ಮ ಮತ್ತು ಅವನ ನಡುವಿನದು, ಸೊಸೈಟಿಗೆ ಅದರಲ್ಲಿ ಕೆಲಸವಿಲ್ಲ. ಅಂದಹಾಗೆ ಇಷ್ಟು ಉತ್ಸಾಹವಿರುವ ಸೆಕ್ರೆಟರಿ ನಿಮ್ಮಿಂದ ನಾನ್ ಆಕ್ಯುಪೆನ್ಸಿ ಚಾರ್ಜ್ (ಮಾಲೀಕರೇ ವಾಸವಿಲ್ಲದ ಮನೆಗೆ ಸೊಸೈಟಿ ಹಾಕುವ ಶುಲ್ಕ) ಎಷ್ಟು ತೆಗೆದುಕೊಳ್ಳುತ್ತಿದ್ದಾರೆ ನೋಡಿಕೊಳ್ಳಿ. 2001ರ ಸರ್ಕಾರಿ ಆದೇಶದಂತೆ ಅದು ಪಾಲಿಕೆ ತೆರಿಗೆ ಬಿಟ್ಟು ಉಳಿದ ಸೇವಾ ಶುಲ್ಕದ ಶೇಕಡಾ 10ನ್ನು ಮೀರುವಂತಿಲ್ಲ.

ಹುಡುಗ ಮೆಸೇಜಿಗೆ ಉತ್ತರವನ್ನೇ ಕೊಡದಿದ್ದರೆ, ಅಥವಾ ‘ಒಂದು ಲಕ್ಷ ಕೊಟ್ಟಾಗಿದೆ’ ಎಂದು ತಿರುಗಿಬಿದ್ದರೆ? ಆಗ ವಕೀಲರ ಮೂಲಕ ರಿಜಿಸ್ಟರ್ಡ್ ನೋಟೀಸು, ಚೆಕ್ಕಿನ ನಂಬರು, ಬ್ಯಾಂಕ್ ಸ್ಟೇಟ್‌ಮೆಂಟಿನ ವಿವರ ಸಮೇತ. ನಿಮ್ಮ ಒಪ್ಪಂದದ ಒಂಬತ್ತನೇ ಕಲಮಿನಲ್ಲಿ ಮೊದಲ ಆರು ತಿಂಗಳು ಲಾಕ್-ಇನ್ (ಯಾರೂ ರದ್ದು ಮಾಡುವಂತಿಲ್ಲ), ಆಮೇಲೆ ಯಾವ ಕಡೆಯಿಂದಲಾದರೂ ಒಂದು ತಿಂಗಳ ನೋಟೀಸು ಎಂದಿದೆ. ಒಂದು ತಿಂಗಳು ಕಾದು ನೋಟೀಸು ಕೊಡಬಹುದು. ಆದರೆ ನಡುವೆ ರದ್ದು ಮಾಡಿದರೆ ಎದುರಿನ ವಕೀಲರಿಗೆ ವಾದ ಬೆಳೆಸಲು ಜಾಗ ಸಿಗುತ್ತದೆ. ಬಾಡಿಗೆ ಬರುತ್ತಿರುವ ತನಕ 11 ತಿಂಗಳು ಮುಗಿಯಲು ಬಿಡುವುದೇ ಜಾಣತನ. ಮುಗಿದ ಮೇಲೂ ಬಿಡದಿದ್ದರೆ ಬಾಂದ್ರಾದ ಸಕ್ಷಮ ಪ್ರಾಧಿಕಾರಕ್ಕೆ (ಇಂಥ ತೆರವಿನ ಅರ್ಜಿ ಕೇಳುವ ಅಧಿಕಾರಿ) ಅರ್ಜಿ. ಸಮನ್ಸ್ ತಲುಪಿದ 30 ದಿನದೊಳಗೆ ಅವನು ಅಫಿಡವಿಟ್ ಹಾಕಿ ಎದುರಿಸಲು ಅನುಮತಿ ಕೇಳಬೇಕು, ಕೇಳದಿದ್ದರೆ ನಿಮ್ಮ ಮಾತೇ ಒಪ್ಪಿಗೆಯಾಗಿ ತೆರವಿನ ಆದೇಶ ಬರುತ್ತದೆ. ಸಾಮಾನ್ಯ ದಾವೆಗಿಂತ ಇದು ವೇಗ, ಆ ವೇಗ ಸರ್ಕಾರಿ ಗಡಿಯಾರದ್ದು ಅನ್ನುವುದು ನೆನಪಿರಲಿ. ಅವಧಿ ಮುಗಿದ ಮೇಲೆ ಹೊಸ ಒಪ್ಪಂದವಿಲ್ಲದೆ ಒಂದು ತಿಂಗಳ ಬಾಡಿಗೆಯನ್ನೂ ‘ಬಾಡಿಗೆ’ ಎಂದು ಸ್ವೀಕರಿಸಬೇಡಿ, ಅದೇ ಅವನ ವಾದಕ್ಕೆ ಮೇವಾಗುತ್ತದೆ.

ಎಲ್ಲ ಸರಾಗವಾಗಿ ನಡೆದು ಅವನು ಮನೆ ಬಿಡುವ ದಿನ, ಹಣ ಹಾಕುವ ಮೊದಲು ಇಬ್ಬರೂ ಖಾಲಿ ಮನೆಯಲ್ಲಿ ನಿಂತು ನೋಡಿ. ಕರೆಂಟು ಕಂಪನಿ ಮಹಾವಿತರಣದ ಮೀಟರಿನ ಫೋಟೋ, ಗ್ಯಾಸ್ ಮೀಟರಿನ ಫೋಟೋ. ಪೈಪ್ ಗ್ಯಾಸಿನ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಅದಕ್ಕೆ ಸ್ವಲ್ಪ ಹಿಡಿದಿಟ್ಟುಕೊಂಡು, ಬಿಲ್ಲು ಬಂದ ಮೇಲೆ ಉಳಿದದ್ದನ್ನು ಹಾಕಿ. ‘ಡಿಪಾಸಿಟ್ ಆಗಿ ನಾನು ಕೊಟ್ಟಿದ್ದ ಇಷ್ಟು ಹಣ ಪೂರ್ತಿ ವಾಪಸ್ ಬಂದಿದೆ, ಇನ್ನು ಬಾಕಿ ಇಲ್ಲ’ ಎಂಬ ಸಾಲಿನ ಕೆಳಗೆ ಅವನ ಸಹಿ. ‘ಕೊಟ್ಟಿದ್ದ’ ಅನ್ನುವ ಪದ ಬಿಟ್ಟುಹೋಗದಂತೆ ನೋಡಿಕೊಳ್ಳಿ.

ಸೋದರಮಾವನಿಗೆ ಫೋನ್ ಮಾಡುವ ವಿಷಯ. ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆಯೊಂದಿದೆ, ಅದನ್ನು ಪೂರ್ತಿ ಬರೆಯಲು ನನಗೇ ದಾಕ್ಷಿಣ್ಯ. ನೀವು ಚೆಕ್ ಇಟ್ಟುಕೊಂಡು ಕೀ ಕೊಟ್ಟಿದ್ದು ಆ ಮಾವನ ಮುಖ ನೋಡಿಯೇ ಇರಬೇಕು. ಹಾಗೆಂದು ಈಗಲೇ ಮಾಡಬೇಡಿ. ಅವರು ಸಿಟ್ಟಿನಲ್ಲಿ ಹುಡುಗನಿಗೆ ಫೋನ್ ಮಾಡುತ್ತಾರೆ, ಅವನು ಅವಮಾನದಿಂದ ನಿಮ್ಮ ಮೆಸೇಜಿಗೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾನೆ, ನಿಮಗೆ ಬೇಕಾದ ಒಪ್ಪಿಗೆಯ ಸಾಲು ಹೋಯಿತು. ಮೊದಲು ಉತ್ತರ ಬರಲಿ, ತಿದ್ದುಪಡಿ ಪತ್ರ ನೋಂದಣಿಯಾಗಲಿ. ಆಮೇಲೆ ಎರಡು ಕಂತು ತಪ್ಪಿಸಿದರೆ ಮಾಡಿ, ನೀವಲ್ಲ, ನಿಮ್ಮ ಯಜಮಾನರು ಮಾಡಲಿ. 30,000 ರೂಪಾಯಿಗೆ ವಕೀಲರ ನೋಟೀಸಿಗಿಂತ ಕುಂದಾಪುರದ ಒಂದು ಫೋನು ಬೇಗ ಕೆಲಸ ಮಾಡಿದ್ದನ್ನು ನಾನು ಕಂಡಿದ್ದೇನೆ.